ಮೊನಾಕೊ: ಲಿಫ್ಟ್ ಹತ್ತಿ ನೋಡುವ ದೇಶ

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ನೀಸ್ ನಗರದ ಪಕ್ಕದ ಸೋಫಿಯಾ ಆಂಟಿಪೊಲಿಸ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ಬೇಸಿಗೆ ಬಂತೆಂದರೆ ಊರಿನಿಂದ ನೆಂಟರು ಬರುತ್ತಾರೆ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಮೊನಾಕೊಗೆ ಯಾವತ್ತು ಹೋಗೋದು?’ ಅದರ ಬೆನ್ನಿಗೇ ಎರಡನೆಯದು, ‘ಅಲ್ಲಿ ಒಂದು ಕಾಫಿ ಕುಡಿಯೋದಕ್ಕೂ ಸಾಲ ಮಾಡಬೇಕಂತಲ್ಲ, ನಿಜವಾ?’

ಸಾಲ ಬೇಕಾಗಿಲ್ಲ. ಮೊನಾಕೊದಲ್ಲಿ ಉಳಿಯುವುದು ದುಬಾರಿ, ನೋಡುವುದು ಅಗ್ಗ. ಅರಮನೆಯ ಅಂಗಳ, ಬಂದರು, ತೋಟಗಳು, ಕಡಲ ತೀರ, ಕಾರ್ ರೇಸಿನ ರಸ್ತೆ, ಯಾವುದಕ್ಕೂ ಟಿಕೆಟ್ ಇಲ್ಲ. ಇಲ್ಲಿ ಪ್ರವಾಸಿಗೆ ನಿಜವಾಗಿ ಖರ್ಚಾಗುವುದು ಕಾಲಿನ ಶಕ್ತಿ. ಬೆಟ್ಟದ ಬುಡದಿಂದ ನೆತ್ತಿಯವರೆಗೆ ಮನೆಯ ಮೇಲೆ ಮನೆ ಕಟ್ಟಿಕೊಂಡ ಊರು ಇದು. ನಕ್ಷೆಯಲ್ಲಿ ಇನ್ನೂರು ಮೀಟರ್ ದೂರದಲ್ಲಿ ಕಾಣುವ ಜಾಗ ನಿಜದಲ್ಲಿ ಹದಿನೈದು ಮಹಡಿ ಮೇಲಿರುತ್ತದೆ. ಹತ್ತುವುದು ಇಳಿಯುವುದು ಹೇಗೆಂದು ತಿಳಿದುಕೊಂಡು, ದಿನವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಂಡರೆ ಒಂದೇ ದಿನದಲ್ಲಿ ನೆಮ್ಮದಿಯಾಗಿ ನೋಡಿ ಬರಬಹುದು.

ದೇಶ ಎಷ್ಟು ದೊಡ್ಡದು?

ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರ್. 240 ಎಕರೆಯ ನಮ್ಮ ಲಾಲ್‌ಬಾಗನ್ನು ಎರಡು ಸಲ ಇಟ್ಟರೆ ಮೊನಾಕೊ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ಚಿಕ್ಕ ದೇಶ ವ್ಯಾಟಿಕನ್ ಒಂದೇ. ಮೂರು ಕಡೆ ಫ್ರಾನ್ಸ್, ಒಂದು ಕಡೆ ಮೆಡಿಟರೇನಿಯನ್ ಸಮುದ್ರ. ವಾಸಿಸುವವರು ಸುಮಾರು 38 ಸಾವಿರ. ಅವರಲ್ಲಿ ಮೊನಾಕೊದ ಪೌರತ್ವ ಇರುವವರು ಹತ್ತು ಸಾವಿರದಷ್ಟೇ. ಉಳಿದವರು ನೂರಕ್ಕೂ ಹೆಚ್ಚು ದೇಶಗಳಿಂದ ಬಂದವರು. ದಿನವೂ ಫ್ರಾನ್ಸ್ ಮತ್ತು ಇಟಲಿಯಿಂದ ಕೆಲಸಕ್ಕೆ ಬಂದು ಹೋಗುವವರ ಸಂಖ್ಯೆ ಇಲ್ಲಿ ವಾಸಿಸುವವರ ಸಂಖ್ಯೆಗಿಂತ ಹೆಚ್ಚು. ಬೆಳಿಗ್ಗೆ ಎಂಟರ ರೈಲು ತುಂಬಿ ತುಳುಕುವುದು ಇದರಿಂದಲೇ.

ಆಳುವ ಮನೆತನ ಗ್ರಿಮಾಲ್ಡಿ. 1297ರ ಜನವರಿ 8ರಂದು ಫ್ರಾಂಚೆಸ್ಕೊ ಗ್ರಿಮಾಲ್ಡಿ ಎಂಬಾತ ಫ್ರಾನ್ಸಿಸ್ಕನ್ ಸಂನ್ಯಾಸಿಯ ವೇಷದಲ್ಲಿ ಬಂದು ಇಲ್ಲಿನ ಕೋಟೆಯನ್ನು ವಶಪಡಿಸಿಕೊಂಡ ಎಂಬುದು ಮನೆತನದ ಕಥೆ. ರಾಜಲಾಂಛನದ ಎರಡೂ ಬದಿಗೆ ಕತ್ತಿ ಹಿಡಿದ ಸಂನ್ಯಾಸಿಗಳು ನಿಂತಿರುವುದು ಆ ನೆನಪಿಗೆ. ಅರಮನೆಯ ಎದುರು ಅವನ ಪ್ರತಿಮೆಯೂ ಇದೆ.

ಸಿರಿತನ ಮಾತ್ರ ತೀರ ಇತ್ತೀಚಿನದು. ನಿಂಬೆ, ಆಲಿವ್ ಬೆಳೆಯುತ್ತಿದ್ದ ಮಾಂತೋನ್ ಮತ್ತು ರೋಕ್‌ಬ್ರೂನ್ ಊರುಗಳು 1861ರಲ್ಲಿ ಫ್ರಾನ್ಸಿಗೆ ಹೋದವು. ದೇಶದ ಬಹುಪಾಲು ನೆಲ, ಅದರೊಂದಿಗೆ ತೆರಿಗೆಯ ಆದಾಯವೂ ಕೈಬಿಟ್ಟಿತು. ಉಳಿದದ್ದು ಒಂದು ಬಂಡೆ, ಒಂದು ಬಂದರು. ಆಗ ದೊರೆ ಮೂರನೆಯ ಚಾರ್ಲ್ಸ್ ಕಸಿನೊ ಎಂಬ ಜೂಜುಕಟ್ಟೆಯನ್ನು ನೆಚ್ಚಿದ. 1863ರಲ್ಲಿ ಅದನ್ನು ನಡೆಸುವ ಹಕ್ಕು ಫ್ರಾಂಸ್ವಾ ಬ್ಲಾಂ ಎಂಬ ಉದ್ಯಮಿಗೆ ಸಿಕ್ಕಿತು. 1868ರಲ್ಲಿ ರೈಲು ಬಂತು, ರೈಲಿನೊಂದಿಗೆ ಯುರೋಪಿನ ಶ್ರೀಮಂತರು ಬಂದರು. ಮರುವರ್ಷವೇ, 1869ರಲ್ಲಿ, ಪ್ರಜೆಗಳ ಮೇಲಿನ ನೇರ ತೆರಿಗೆ ರದ್ದಾಯಿತು. ವೈಯಕ್ತಿಕ ಆದಾಯ ತೆರಿಗೆ ಇಲ್ಲಿ ಇಂದಿಗೂ ಇಲ್ಲ. ಫ್ರೆಂಚ್ ಪ್ರಜೆಗಳಿಗೆ ಮಾತ್ರ 1963ರ ಒಪ್ಪಂದದ ಪ್ರಕಾರ ಈ ಸವಲತ್ತು ಸಿಗುವುದಿಲ್ಲ. ಜಗತ್ತಿನ ಕೋಟ್ಯಧೀಶರು ಇಲ್ಲಿ ಮನೆ ಮಾಡುವುದರ ಗುಟ್ಟು ಇಷ್ಟೇ.

ವೀಸಾ, ಫೋನು, ದುಡ್ಡು

ಮೊನಾಕೊಗೆಂದು ಬೇರೆ ವೀಸಾ ಬೇಕಿಲ್ಲ. ಫ್ರಾನ್ಸಿಗೆ ಬರಲು ಪಡೆದ ಷೆಂಗೆನ್ ವೀಸಾ ಸಾಕು. ಗಡಿಯಲ್ಲಿ ತಪಾಸಣೆ ಇರುವುದಿಲ್ಲ. ಒಂದು ರಸ್ತೆ ದಾಟಿದರೆ ದೇಶ ಬದಲಾಗಿರುತ್ತದೆ. ಹಾಗೆಂದು ಪಾಸ್‌ಪೋರ್ಟನ್ನು ಹೋಟೆಲಿನಲ್ಲೇ ಬಿಟ್ಟು ಬರಬೇಡಿ. ರೈಲಿನಲ್ಲಿ ಪೊಲೀಸರು ಕೇಳುವುದುಂಟು, ಕಸಿನೊ ಬಾಗಿಲಲ್ಲಂತೂ ಕೇಳಿಯೇ ಕೇಳುತ್ತಾರೆ. ಪ್ರವಾಸಿ ಕಚೇರಿಯಲ್ಲಿ ನೆನಪಿಗೆಂದು ಮೊನಾಕೊದ ಮುದ್ರೆ ಒತ್ತಿಕೊಡುತ್ತಾರೆ. ಅದನ್ನು ಒಂದು ಪೋಸ್ಟ್‌ಕಾರ್ಡಿನ ಮೇಲೆ ಹಾಕಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಧಿಕೃತವಲ್ಲದ ಮುದ್ರೆ ಇದ್ದರೆ ಮುಂದೆ ಯಾವುದಾದರೂ ವಿಮಾನ ನಿಲ್ದಾಣದಲ್ಲಿ ಬೇಡದ ಪ್ರಶ್ನೆಗೆ ಉತ್ತರ ಕೊಡಬೇಕಾದೀತು.

ಮೊನಾಕೊ ಐರೋಪ್ಯ ಒಕ್ಕೂಟದ ಸದಸ್ಯ ಅಲ್ಲ. ಇದರ ಬಿಸಿ ಮೊದಲು ತಟ್ಟುವುದು ಫೋನಿಗೆ. ಇಲ್ಲಿನ ದೂರವಾಣಿ ಸಂಕೇತವೇ ಬೇರೆ, 377. ‘ಇಡೀ ಯುರೋಪಿಗೆ ಒಂದೇ ಪ್ಯಾಕ್’ ಎಂದು ಕೊಂಡ ಎಷ್ಟೋ ಸಿಮ್ಮುಗಳ ಪಟ್ಟಿಯಲ್ಲಿ ಮೊನಾಕೊ ಇರುವುದಿಲ್ಲ. ಗಡಿ ದಾಟಿದ್ದು ನಮಗೆ ತಿಳಿಯದಿದ್ದರೂ ಫೋನಿಗೆ ತಿಳಿಯುತ್ತದೆ, ಬಿಲ್ಲು ಏರುತ್ತದೆ. ಪ್ಯಾಕಿನ ಪಟ್ಟಿ ನೋಡಿಕೊಳ್ಳಿ. ಇಲ್ಲವಾದರೆ ರೈಲು ಇಳಿಯುವ ಮೊದಲೇ ಮೊಬೈಲ್ ಡೇಟಾ ಆರಿಸಿ, ನಕ್ಷೆಯನ್ನು ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಾಣ್ಯ ಯೂರೋ. ಮೊನಾಕೊ ತನ್ನದೇ ಅಚ್ಚಿನ ಯೂರೋ ನಾಣ್ಯಗಳನ್ನು ಬಹಳ ಕಡಿಮೆ ಸಂಖ್ಯೆಯಲ್ಲಿ ಹೊರಡಿಸುತ್ತದೆ. ಹಾಲಿವುಡ್ ನಟಿಯಾಗಿದ್ದ ರಾಜಕುಮಾರಿ ಗ್ರೇಸ್ ಕೆಲಿ ತೀರಿಕೊಂಡು 25 ವರ್ಷವಾದ ನೆನಪಿಗೆ 2007ರಲ್ಲಿ ಬಂದ 2 ಯೂರೋ ನಾಣ್ಯ ಅಚ್ಚಾದದ್ದು ಸುಮಾರು ಇಪ್ಪತ್ತು ಸಾವಿರ ಮಾತ್ರ; ಸಂಗ್ರಹಕಾರರು ಅದಕ್ಕೆ ಇಂದು ಮುಖಬೆಲೆಯ ನೂರಾರು ಪಟ್ಟು ಕೊಡುತ್ತಾರೆ. ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯನ್ನು ಒಮ್ಮೆ ತಿರುವಿ ನೋಡಿ ಜೇಬಿಗೆ ಹಾಕಿಕೊಳ್ಳಿ.

ಹೋಗುವುದು ಹೇಗೆ?

ಮೊನಾಕೊದಲ್ಲಿ ವಿಮಾನ ನಿಲ್ದಾಣವಿಲ್ಲ. ಎಲ್ಲರೂ ಇಳಿಯುವುದು ನೀಸ್‌ನಲ್ಲಿ. ಅಲ್ಲಿಂದ ಹೆಲಿಕಾಪ್ಟರ್ ಏಳು ನಿಮಿಷದಲ್ಲಿ ತಲುಪಿಸುತ್ತದೆ. ನಮ್ಮಂಥವರಿಗೆ ರೈಲು, ಬಸ್ಸು.

ರೈಲು: ನೀಸ್‌ನ ಮುಖ್ಯ ನಿಲ್ದಾಣದಿಂದ ಇಪ್ಪತ್ತೈದು ನಿಮಿಷದೊಳಗಿನ ದಾರಿ. ಟಿಕೆಟ್ ಐದು ಯೂರೋ ಆಸುಪಾಸು. ವಿಮಾನ ನಿಲ್ದಾಣದಿಂದ ನೇರವಾಗಿ ಬರುವವರು ನಗರದೊಳಗೆ ಹೋಗಬೇಕಿಲ್ಲ, ಪಕ್ಕದಲ್ಲೇ ಇರುವ ಸೇಂಟ್ ಆಗಸ್ಟಿನ್ ನಿಲ್ದಾಣದಲ್ಲಿ ರೈಲು ಹಿಡಿಯಬಹುದು. ಹೋಗುವಾಗ ಬಲಬದಿಯ ಕಿಟಕಿ ಹಿಡಿದು ಕೂತರೆ ವೀಲ್‌ಫ್ರಾಂಶ್, ಬೊಲ್ಯೂ, ಎಝ್ ದಾಟುವಾಗ ಸುರಂಗ ಬಿಟ್ಟೊಡನೆ ಸಮುದ್ರ, ಸಮುದ್ರ ಮುಗಿದೊಡನೆ ಸುರಂಗ. ಬಾಗಿಲ ಬಳಿ ನಿಂತವರು ಬ್ಯಾಗನ್ನು ಎದೆಯ ಮುಂದೆ ಹಿಡಿದುಕೊಳ್ಳಿ. ಮೊನಾಕೊದಲ್ಲಿ ಕಳ್ಳರ ಭಯ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿಗೆ ಹೋಗುವ ರೈಲಿನಲ್ಲಿ ಜೇಬುಗಳ್ಳರು ಇದ್ದೇ ಇದ್ದಾರೆ.

ಬಸ್ಸು: ನೀಸ್ ಬಂದರಿನಿಂದ 607ನೇ ಸಂಖ್ಯೆಯ ಬಸ್ಸು ಹೊರಡುತ್ತದೆ. ಟಿಕೆಟ್ ರೈಲಿನ ಅರ್ಧದಷ್ಟು, ಸಮಯ ಎರಡು ಪಟ್ಟು. ಕಡಲಂಚಿನ ಬಂಡೆ ಕೊರೆದು ಮಾಡಿದ ರಸ್ತೆಯಲ್ಲಿ ಸಾಗುವುದರಿಂದ ನೋಟಕ್ಕೆ ಬಸ್ಸೇ ಮೇಲು. ಜುಲೈ, ಆಗಸ್ಟ್‌ನಲ್ಲಿ ಮಧ್ಯದ ನಿಲ್ದಾಣಗಳಲ್ಲಿ ಹತ್ತಲು ಜಾಗ ಸಿಗುವುದಿಲ್ಲ. ನಾನು ನೆಂಟರನ್ನು ರೈಲಿನಲ್ಲಿ ಕರೆದೊಯ್ದು ಬಸ್ಸಿನಲ್ಲಿ ವಾಪಸು ಕರೆತರುತ್ತೇನೆ. ಬೆಳಗಿನ ಸಮಯ ಉಳಿಯುತ್ತದೆ, ಸಂಜೆ ದಣಿದ ಕಾಲಿಗೆ ಕಿಟಕಿಯ ಸೀಟೂ ಸಿಗುತ್ತದೆ.

ಬಾಡಿಗೆ ಕಾರು ತರುವುದಾದರೆ ಒಂದು ಮಾತು. ಅರಮನೆ ಇರುವ ಬಂಡೆಯ ಮೇಲಕ್ಕೆ ಮೊನಾಕೊ ಮತ್ತು ನೀಸ್ ಜಿಲ್ಲೆಯ ನೋಂದಣಿಯ ವಾಹನಗಳಿಗೆ ಮಾತ್ರ ಪ್ರವೇಶ. ನೆಲದಡಿಯ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆಯುವುದೇ ಸರಿ.

ಮೊದಲು ಲಿಫ್ಟ್ ಹುಡುಕಿ

1999ರಲ್ಲಿ ಮೊನಾಕೊ ತನ್ನ ರೈಲು ನಿಲ್ದಾಣವನ್ನು ಬೆಟ್ಟದ ಒಡಲೊಳಗೆ ಸೇರಿಸಿತು. ಹಳಿ ಇದ್ದ ನೆಲ ಕಟ್ಟಡಗಳಿಗೆ ಸಿಕ್ಕಿತು. ಇಳಿದ ಪ್ರವಾಸಿಗೆ ಮಾತ್ರ ಮೊದಲ ಗೊಂದಲ ಅಲ್ಲೇ ಶುರು. ನಿಲ್ದಾಣಕ್ಕೆ ಹಲವು ದ್ವಾರಗಳಿವೆ, ಒಂದೊಂದೂ ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ಬಡಾವಣೆಗೆ ತೆರೆದುಕೊಳ್ಳುತ್ತದೆ. ಅರಮನೆಗೆ ಹೋಗುವವರು ‘ಲೆ ರೋಷೆ’ ಮತ್ತು ‘ಫೋನ್ವಿಯೆ’ ಎಂಬ ಫಲಕ ಹಿಡಿಯಬೇಕು. ಬಂದರಿಗೆ ‘ಸಾಂತ್ ದೆವೋತ್’, ಕಸಿನೊಗೆ ‘ಮಾಂಟೆ ಕಾರ್ಲೊ’. ತಪ್ಪು ದ್ವಾರದಲ್ಲಿ ಹೊರಬಿದ್ದರೆ ನೂರಾರು ಮೆಟ್ಟಿಲು ಬೋನಸ್ಸು.

ಊರಿನ ಉದ್ದಗಲಕ್ಕೂ ಹತ್ತಾರು ಸಾರ್ವಜನಿಕ ಲಿಫ್ಟುಗಳು, ಎಸ್ಕಲೇಟರುಗಳು ಇವೆ. ಎಲ್ಲವೂ ಉಚಿತ. ಬಂಡೆಗೆ ಕೊರೆದ ಸುರಂಗದ ಕೊನೆಯಲ್ಲೋ, ಅಪಾರ್ಟ್‌ಮೆಂಟುಗಳ ಸಂದಿಯಲ್ಲೋ ಇರುವುದರಿಂದ ಖಾಸಗಿ ಜಾಗವೇನೋ ಎಂದು ಹೊಸಬರು ಹಿಂಜರಿಯುತ್ತಾರೆ. ‘ಅಸಾನ್ಸರ್ ಪ್ಯೂಬ್ಲಿಕ್’ ಎಂದು ಬರೆದಿದ್ದರೆ ಧೈರ್ಯವಾಗಿ ಒಳಗೆ ಹೋಗಿ. ಪ್ರವಾಸಿಗೆ ಮುಖ್ಯವಾಗಿ ಬೇಕಾದವು ಮೂರು. ಬಂದರಿನ ಅಂಚಿನ ಪೆಷರ್ ಪಾರ್ಕಿಂಗ್‌ನಿಂದ ಸಾಗರ ಸಂಗ್ರಹಾಲಯದ ಪಕ್ಕಕ್ಕೆ ಏರುವುದು ಒಂದು, ಲೂಯಿ ದ್ವಿತೀಯ ರಸ್ತೆಯಿಂದ ಕಸಿನೊ ಹಿಂಬದಿಯ ತಾರಸಿಗೆ ಏರುವುದು ಇನ್ನೊಂದು, ಮೂಲಾಂ ಚೌಕದಿಂದ ಲಾರ್ವೊಟೊ ತೀರಕ್ಕೆ ಇಳಿಯುವುದು ಮೂರನೆಯದು. ಈ ಮೂರನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಮುಕ್ಕಾಲು ಮೊನಾಕೊ ಕೈಗೆ ಸಿಕ್ಕಂತೆ.

ನಗರ ಸಾರಿಗೆಯ ಬಸ್ಸುಗಳೂ ಚೊಕ್ಕ. 1 ಮತ್ತು 2ನೇ ಸಂಖ್ಯೆಯವು ಬಂಡೆಯ ಮೇಲಿನ ಹಳೆಯ ಊರಿಗೆ ಹೋಗುತ್ತವೆ. ಬಂದರಿನ ಒಂದು ದಡದಿಂದ ಇನ್ನೊಂದು ದಡಕ್ಕೆ ವಿದ್ಯುತ್ ಚಾಲಿತ ‘ದೋಣಿ ಬಸ್ಸು’ ಓಡಾಡುತ್ತದೆ. ಎರಡು ಯೂರೋ ಆಸುಪಾಸಿನ ಟಿಕೆಟಿನಲ್ಲಿ ಶ್ರೀಮಂತರ ವಿಹಾರ ನೌಕೆಗಳ ನಡುವೆ ಒಂದು ಸುತ್ತು. ಮಕ್ಕಳಿಗೆ ಇದಕ್ಕಿಂತ ಖುಷಿ ಕೊಡುವ ಸವಾರಿ ಇಲ್ಲಿಲ್ಲ.

ಬೆಳಗಿನ ಹೊತ್ತು ಬಂಡೆಯ ಮೇಲೆ

ಅರಮನೆಯ ಎದುರು ಕಾವಲುಗಾರರ ಬದಲಾವಣೆ ದಿನವೂ 11 ಗಂಟೆ 55 ನಿಮಿಷಕ್ಕೆ. ಬೇಸಿಗೆಯಲ್ಲಿ ಬಿಳಿ ಸಮವಸ್ತ್ರ, ಚಳಿಗಾಲದಲ್ಲಿ ಕಪ್ಪು. ಐದಾರು ನಿಮಿಷದ ಕಾರ್ಯಕ್ರಮ, ಆದರೆ ಹನ್ನೊಂದೂವರೆಗೆ ಮೊದಲೇ ಜನ ಸಾಲುಗಟ್ಟಿರುತ್ತಾರೆ. ಇಡೀ ಬೆಳಗನ್ನು ಈ ಒಂದು ಗಳಿಗೆಯ ಸುತ್ತ ಜೋಡಿಸಿಕೊಳ್ಳಬೇಕು.

ನನ್ನ ಕ್ರಮ ಹೀಗೆ. ಒಂಬತ್ತೂವರೆಗೆ ರೈಲಿಳಿದು, ಬಂದರು ದಾಟಿ, ಪೆಷರ್ ಲಿಫ್ಟ್ ಹತ್ತಿ ನೇರ ಸಾಗರ ಸಂಗ್ರಹಾಲಯಕ್ಕೆ. ಮೊನಾಕೊದಲ್ಲಿ ದುಡ್ಡು ಕೊಟ್ಟು ನೋಡಲೇಬೇಕಾದ ಜಾಗ ಇದೊಂದೇ. ಇಪ್ಪತ್ತು ಯೂರೋ ಆಸುಪಾಸು. ಸಾಗರ ಸಂಶೋಧಕನೂ ಆಗಿದ್ದ ದೊರೆ ಮೊದಲನೆಯ ಆಲ್ಬರ್ಟ್ ಕಟ್ಟಿಸಿದ್ದು, 1910ರಲ್ಲಿ ಉದ್ಘಾಟನೆಯಾಯಿತು. ಕಡಿದಾದ ಬಂಡೆಯ ಅಂಚಿನಲ್ಲಿ, ಸಮುದ್ರದಿಂದ ನೇರ ಮೇಲೆದ್ದಂತೆ ನಿಂತಿದೆ. ಸಾಗರ ಅನ್ವೇಷಕ ಜಾಕ್ ಕುಸ್ತೊ 1957ರಿಂದ 1988ರವರೆಗೆ ಇದರ ನಿರ್ದೇಶಕರಾಗಿದ್ದರು. ಕೆಳಮಹಡಿಯ ಮೀನುಗಳು ಮಕ್ಕಳಿಗೆ. ಮೇಲಿನ ಹಳೆಯ ಹಜಾರದ ತಿಮಿಂಗಿಲದ ಅಸ್ಥಿಪಂಜರ, ದೊರೆಯ ಹಡಗಿನ ಉಪಕರಣಗಳು ದೊಡ್ಡವರಿಗೆ. 1901ರಲ್ಲಿ ಇದೇ ದೊರೆಯ ಹಡಗಿನಲ್ಲಿ ಕಡಲಜೀವಿಯೊಂದರ ವಿಷವನ್ನು ಪರೀಕ್ಷಿಸುತ್ತ ಹೊರಟ ಶಾರ್ಲ್ ರಿಶೆ ಮತ್ತು ಪೌಲ್ ಪೋರ್ಟಿಯೆ, ಕೊನೆಗೆ ಪ್ರಾಣಕ್ಕೆ ಕುತ್ತು ತರುವ ತೀವ್ರ ಅಲರ್ಜಿಯ ಸ್ವರೂಪವನ್ನೇ ಕಂಡುಹಿಡಿದರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ತಾರಸಿಗೆ ಹೋಗುವುದನ್ನು ಮರೆಯಬೇಡಿ. ಹವೆ ತಿಳಿಯಾಗಿದ್ದರೆ ಇಟಲಿಯ ತೀರದವರೆಗೆ ಕಣ್ಣು ಹಾಯುತ್ತದೆ.

ಹೊರಬಂದು ಸೇಂಟ್ ಮಾರ್ಟಿನ್ ತೋಟದ ನೆರಳಿನಲ್ಲಿ ನಡೆದರೆ ಬಿಳಿಕಲ್ಲಿನ ಕೆಥೆಡ್ರಲ್. 1956ರಲ್ಲಿ ದೊರೆ ಮೂರನೆಯ ರೇನಿಯೆಯನ್ನು ಮದುವೆಯಾಗಿ, 1982ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಹಾಲಿವುಡ್ ನಟಿ ಗ್ರೇಸ್ ಕೆಲಿಯ ಸಮಾಧಿ ಇಲ್ಲಿದೆ. ಪಕ್ಕದಲ್ಲಿ 2005ರಲ್ಲಿ ತೀರಿಕೊಂಡ ರೇನಿಯೆಯದು. ಪ್ರಾರ್ಥನೆಯ ಹೊತ್ತು ಬಿಟ್ಟರೆ ಪ್ರವೇಶ ಉಚಿತ. ಅಲ್ಲಿಂದ ಐದು ನಿಮಿಷಕ್ಕೆ ಅರಮನೆಯ ಅಂಗಳ. ಇಲ್ಲಿ ಕೋಟೆಯ ಅಡಿಗಲ್ಲು ಬಿದ್ದದ್ದು 1215ರಲ್ಲಿ. ಒಳಗಿನ ದರ್ಬಾರು ಕೋಣೆಗಳನ್ನು ವಸಂತದಿಂದ ಶರತ್ಕಾಲದವರೆಗೆ ಮಾತ್ರ ತೆರೆಯುತ್ತಾರೆ. ಮೈಸೂರು ಅರಮನೆ ನೋಡಿ ಬೆಳೆದವರಿಗೆ ಒಳಗೆ ಬೆರಗಾಗುವಂಥದ್ದು ಹೆಚ್ಚಿಲ್ಲ. ಅಂಗಳದ ಎರಡೂ ಅಂಚಿನಿಂದ ಕಾಣುವ ನೋಟಕ್ಕೆ ಬೆರಗಾಗದವರಿಲ್ಲ: ಒಂದು ಕಡೆ ಬಂದರು ಮತ್ತು ಮಾಂಟೆ ಕಾರ್ಲೊ, ಇನ್ನೊಂದು ಕಡೆ ಫೋನ್ವಿಯೆ.

ಮಧ್ಯಾಹ್ನದ ಊಟ ಸಂತೆಯಲ್ಲಿ

ಅರಮನೆಯಿಂದ ಇಟ್ಟಿಗೆ ಹಾಸಿದ ಇಳಿಜಾರು ದಾರಿಯಲ್ಲಿ ಇಳಿದರೆ ದಾರ್ಮ್ ಚೌಕ. ಅಲ್ಲಿ 1880ರಿಂದ ನಡೆದು ಬಂದಿರುವ ಕೊಂಡಮೀನ್ ಮಾರುಕಟ್ಟೆ ಇದೆ. ಹೊರಗೆ ಹಣ್ಣು, ತರಕಾರಿ, ಹೂವು. ಒಳಗೆ ತಿಂಡಿಯ ಅಂಗಡಿಗಳು, ಎಲ್ಲರೂ ಹಂಚಿಕೊಂಡು ಕೂರುವ ಮೇಜುಗಳು. ಬ್ಯಾಂಕ್ ನೌಕರರೂ ಕಟ್ಟಡ ಕಾರ್ಮಿಕರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಹತ್ತು-ಹನ್ನೆರಡು ಯೂರೋಗೆ ಹೊಟ್ಟೆ ತುಂಬುತ್ತದೆ. ಅಂಗಡಿಗಳು ಮಧ್ಯಾಹ್ನ ಎರಡು ದಾಟುತ್ತಿದ್ದಂತೆ ಮುಚ್ಚತೊಡಗುವುದರಿಂದ ತಡ ಮಾಡಬೇಡಿ.

ಸಸ್ಯಾಹಾರಿಗಳು ಗಮನವಿಟ್ಟು ಓದಿ. ‘ಸೊಕ್ಕಾ’ ಎಂದರೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಅಗಲ ತಟ್ಟೆಯಲ್ಲಿ ಹೊಯ್ದು, ಒಲೆಯೊಳಗಿಟ್ಟು ಬೇಯಿಸಿದ್ದು. ಮೇಲೆ ಮೆಣಸಿನ ಪುಡಿ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ನೀಸ್‌ನಿಂದ ಬಂದ ತಿಂಡಿ, ನಮ್ಮ ನಾಲಗೆಗೆ ಮೊದಲ ತುತ್ತಿಗೇ ಒಗ್ಗುತ್ತದೆ. ‘ಬಾರ್ಬಜುವಾನ್’ ಮೊನಾಕೊದ ಸ್ವಂತ ತಿಂಡಿ: ಸೊಪ್ಪು ಮತ್ತು ರಿಕೊಟ್ಟಾ ಚೀಸ್ ತುಂಬಿ ಎಣ್ಣೆಯಲ್ಲಿ ಕರಿದದ್ದು. ಕೆಲವರು ಮಾಂಸವನ್ನೂ ಸೇರಿಸುವುದರಿಂದ ಕೇಳಿ ತಿನ್ನಿ. ಈರುಳ್ಳಿ ಹರಡಿದ ‘ಪಿಸಲಾದಿಯೇರ್’ ನೋಡಲು ಸಾಧು, ಅದರಲ್ಲಿ ಆಂಚೊವಿ ಮೀನು ಇರುತ್ತದೆ. ‘ಪಾನ್ ಬನ್ಯಾ’ ಎಂಬ ದುಂಡು ಬ್ರೆಡ್ಡಿನಲ್ಲಿ ಮೀನು, ಮೊಟ್ಟೆ ಎರಡೂ ಉಂಟು. ಮೀನು ತಿನ್ನುವವರು ಒಣ ಕಾಡ್ ಮೀನನ್ನು ಟೊಮೆಟೊದಲ್ಲಿ ಬೇಯಿಸಿದ ‘ಸ್ಟೊಕಾಫಿ’ ಹುಡುಕಿ. ಇಲ್ಲಿನವರ ಮನೆಯ ಅಡುಗೆ ಅದು. ಸಿಹಿಗೆ ಸೋಂಪು ಮತ್ತು ಕಿತ್ತಳೆ ಹೂವಿನ ನೀರಿನ ಘಮದ ‘ಫುಗಾಸ್’.

ಹೇಳಲು ಕಲಿಯಬೇಕಾದ ಮಾತು ಮೂರೇ. ‘ಸಾಂ ವಿಯಾಂದ್’, ಮಾಂಸ ಬೇಡ. ‘ಸಾಂ ಪ್ವಾಸೋಂ’, ಮೀನು ಬೇಡ. ಎಲ್ಲಕ್ಕೂ ಮೊದಲು ‘ಬೊಂಜೂರ್’. ನಮಸ್ಕಾರ ಹೇಳದೆ ನೇರ ಬೆಲೆ ಕೇಳುವುದು ಈ ಕರಾವಳಿಯಲ್ಲಿ ಒರಟುತನ. ಬೊಂಜೂರ್ ಎಂದರೆ ಮುಂದಿನ ಮಾತು ಇಂಗ್ಲಿಷಿನಲ್ಲೇ ನಡೆಯುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳಿ.

ಕಸಿನೊ: ನೋಡಿ, ಸಾಕು

ಊಟ ಮುಗಿಸಿ ಬಂದರಿನ ಅಂಚಿನಲ್ಲಿ ನಡೆದು, ಲಿಫ್ಟ್ ಹತ್ತಿದರೆ ಕಸಿನೊದ ಹಿಂಬದಿಯ ತಾರಸಿ. ಪ್ಯಾರಿಸ್ಸಿನ ಒಪೆರಾ ಭವನ ಕಟ್ಟಿದ ಶಾರ್ಲ್ ಗಾರ್ನಿಯೆಯೇ ಇಲ್ಲಿನ ಒಪೆರಾ ಸಭಾಂಗಣವನ್ನೂ ಕಟ್ಟಿದ. ಅದು ತೆರೆದದ್ದು 1879ರ ಜನವರಿಯಲ್ಲಿ. ಮುಂಬದಿಯ ಚೌಕದಲ್ಲಿ ಒಂದು ಕಡೆ 1864ರ ಓಟೆಲ್ ದ ಪಾರೀ, ಇನ್ನೊಂದು ಕಡೆ ಕಫೆ ದ ಪಾರೀ. ನಿಲ್ಲಿಸಿದ ಕಾರುಗಳ ಫೋಟೊ ತೆಗೆಯಲು ಬರುವವರೇ ಹೆಚ್ಚು. ಕಾರು ಮುಟ್ಟದೆ, ದಾರಿಗೆ ಅಡ್ಡ ನಿಲ್ಲದೆ ತೆಗೆದರೆ ಯಾರ ಅಭ್ಯಂತರವೂ ಇಲ್ಲ. ಸಾಲದ ಚಿಂತೆ ಮಾಡಿದವರಿಗೆ ಒಂದು ಕಿವಿಮಾತು: ಕಾಫಿಯನ್ನು ಈ ಚೌಕದಲ್ಲಿ ಕುಡಿಯಬೇಡಿ, ಎರಡು ಬೀದಿ ಮೇಲೆ ಹೋಗಿ ಕುಡಿಯಿರಿ.

ಕಸಿನೊದ ಮುಂಗೋಣೆಯವರೆಗೆ ಯಾರು ಬೇಕಾದರೂ ಹೋಗಬಹುದು. ಒಳಗಿನ ಚಿತ್ತಾರದ ಕೋಣೆಗಳನ್ನು ನೋಡಲು ಸಾಮಾನ್ಯವಾಗಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಟಿಕೆಟ್ ಕೊಡುತ್ತಾರೆ. ಮಧ್ಯಾಹ್ನದ ಮೇಲೆ ಆಟ ಶುರು. ಆಗ 18 ದಾಟಿದವರಿಗೆ ಮಾತ್ರ, ಪಾಸ್‌ಪೋರ್ಟ್ ತೋರಿಸಿ ಪ್ರವೇಶ. ಹಾಗಾಗಿ ಅರಮನೆಯ ಕಾವಲು ಬದಲಾವಣೆ ಮತ್ತು ಕಸಿನೊದ ಒಳನೋಟ ಎರಡೂ ಒಂದೇ ದಿನ ಆಗಿಬರುವುದು ಕಷ್ಟ. ಮಕ್ಕಳಿದ್ದರೆ ಕಾವಲು ಬದಲಾವಣೆಯನ್ನೇ ಆರಿಸಿ. ಹರಿದ ಪ್ಯಾಂಟು, ಚಡ್ಡಿ, ಹವಾಯಿ ಚಪ್ಪಲಿಗೆ ಒಳಗೆ ಪ್ರವೇಶವಿಲ್ಲ.

ಮೊನಾಕೊದ ಪ್ರಜೆಗಳಿಗೆ ಇಲ್ಲಿ ಜೂಜಾಡುವಂತಿಲ್ಲ. 1913ರ ಆಗಸ್ಟ್ 18ರಂದು ಈ ಕಸಿನೊದ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪೇ ಬಿತ್ತು. ‘ಇಷ್ಟು ಸಲ ಕಪ್ಪು ಬಿದ್ದ ಮೇಲೆ ಇನ್ನು ಕೆಂಪು ಬೀಳಲೇಬೇಕು’ ಎಂದು ಪಣ ಏರಿಸುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಹಿಂದಿನ ಸುತ್ತಿನ ನೆನಪು ಚಕ್ರಕ್ಕೆ ಇರುವುದಿಲ್ಲ. ಜೂಜುಗಾರರ ಈ ಭ್ರಮೆಗೆ ಸಂಭವನೀಯತೆಯ ಪಾಠದಲ್ಲಿ ಇಂದಿಗೂ ಮಾಂಟೆ ಕಾರ್ಲೊ ಹೆಸರೇ ಉದಾಹರಣೆ. ನೋಡಿ ಬನ್ನಿ, ಅಷ್ಟು ಸಾಕು.

ರೇಸಿನ ರಸ್ತೆಯಲ್ಲಿ ಕಾಲ್ನಡಿಗೆ

ಮೊದಲ ಮೊನಾಕೊ ಗ್ರ್ಯಾನ್ ಪ್ರಿ ನಡೆದದ್ದು 1929ರಲ್ಲಿ. ಒಂದು ಸುತ್ತು 3.337 ಕಿಲೋಮೀಟರ್, ಒಟ್ಟು 78 ಸುತ್ತು. ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ಅಲ್ಲ. ಉಳಿದ ದಿನಗಳಲ್ಲಿ ಬಸ್ಸು ಓಡಾಡುವ ಊರ ರಸ್ತೆಯೇ. ಆದ್ದರಿಂದ ಇಡೀ ಸುತ್ತನ್ನು ಪಾದಚಾರಿ ದಾರಿಯಲ್ಲಿ ಒಂದು ಗಂಟೆಯಲ್ಲಿ ನಡೆದು ಮುಗಿಸಬಹುದು. ಸಾಂತ್ ದೆವೋತ್ ಚರ್ಚಿನ ತಿರುವಿನಿಂದ ಏರಿ, ಕಸಿನೊ ಚೌಕ ದಾಟಿ, ಹೋಟೆಲೊಂದರ ಎದುರಿನ ಕಡಿದಾದ ‘ಹೇರ್‌ಪಿನ್’ ತಿರುವಿನಲ್ಲಿ ಇಳಿದು, ಸುರಂಗ ಹೊಕ್ಕು, ಬಂದರಿನ ಈಜುಕೊಳದ ಪಕ್ಕದಿಂದ ರಾಸ್ಕಾಸ್ ತಿರುವಿಗೆ. ಟಿವಿಯಲ್ಲಿ ಸಮತಟ್ಟಾಗಿ ಕಾಣುವ ರಸ್ತೆ ನಿಜಕ್ಕೂ ಎಷ್ಟು ಏರುತ್ತದೆ, ಎಷ್ಟು ಕಿರಿದು ಎಂಬುದು ನಡೆದಾಗಲೇ ತಿಳಿಯುವುದು. ಅಯರ್ಟನ್ ಸೆನ್ನಾ ಇಲ್ಲಿ ಆರು ಸಲ ಗೆದ್ದರು. ಇದೇ ಊರಲ್ಲಿ ಹುಟ್ಟಿದ ಶಾರ್ಲ್ ಲಕ್ಲೇರ್ 2024ರಲ್ಲಿ ಗೆದ್ದಾಗ ಊರಿಗೆ ಊರೇ ಕುಣಿಯಿತು.

ಕ್ರೀಡಾಪ್ರಿಯರಿಗೆ ಇನ್ನೊಂದು ಸಂಗತಿ. ಏಪ್ರಿಲ್‌ನಲ್ಲಿ ನಡೆಯುವ ಮಾಂಟೆ ಕಾರ್ಲೊ ಟೆನಿಸ್ ಟೂರ್ನಿಯ ಅಂಕಣಗಳು ನಿಜವಾಗಿ ಇರುವುದು ಗಡಿಯಾಚೆ, ಫ್ರಾನ್ಸಿನ ರೋಕ್‌ಬ್ರೂನ್‌ನಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಪಾಬ್ಲೊ ಕ್ವೆವಾಸ್ ಜೊತೆ ಡಬಲ್ಸ್ ಪ್ರಶಸ್ತಿ ಎತ್ತಿದ್ದು ಅಲ್ಲಿಯೇ.

ಕಡಲಿನಿಂದ ಪಡೆದ ನೆಲ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಇವರು ಹಾಸಿಗೆಯನ್ನೇ ಸಮುದ್ರದೊಳಕ್ಕೆ ಹಿಗ್ಗಿಸಿಕೊಂಡರು. ಬಂಡೆಯ ಪಶ್ಚಿಮಕ್ಕಿರುವ ಫೋನ್ವಿಯೆ ಇಡೀ ಬಡಾವಣೆ 1970ರ ದಶಕದಲ್ಲಿ ಸಮುದ್ರ ತುಂಬಿಸಿ ಮಾಡಿದ್ದು. 1984ರಲ್ಲಿ ಅಲ್ಲಿ ಗ್ರೇಸ್ ಹೆಸರಿನ ಗುಲಾಬಿ ತೋಟ ತೆರೆಯಿತು. ಮೇ ತಿಂಗಳಲ್ಲಿ ಬಂದರೆ ನೋಡಲೇಬೇಕು, ಪ್ರವೇಶ ಉಚಿತ. ಪೂರ್ವದಲ್ಲಿ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಮಾರೆತೆರ್ರಾ ಇನ್ನೂ ಹೊಸದು. ಆರು ಹೆಕ್ಟೇರ್ ನೆಲವನ್ನು ಪಡೆಯಲು ತಲಾ ಹತ್ತು ಸಾವಿರ ಟನ್ ತೂಕದ 18 ಕಾಂಕ್ರೀಟ್ ಪೆಟ್ಟಿಗೆಗಳನ್ನು ಕಡಲಿನಲ್ಲಿ ಸಾಲಾಗಿ ಕೂರಿಸಿದರು. ಮನೆಗಳು ನಮ್ಮ ಎಟುಕಿಗೆ ಸಿಗುವಂಥವಲ್ಲ, ಕಡಲಂಚಿನ ಕಾಲುದಾರಿ ಎಲ್ಲರದ್ದು. ಅದರ ಪಕ್ಕದಲ್ಲೇ 1994ರ ಜಪಾನಿ ತೋಟ, ಅದೂ ಉಚಿತ.

ಇನ್ನೂ ಮುಂದೆ ಲಾರ್ವೊಟೊ ತೀರ. ಸಣ್ಣ ಕಲ್ಲುಗಳ ತೀರ, ನೀರು ತಿಳಿ. ಕುರ್ಚಿ, ಕೊಡೆ ಬಾಡಿಗೆಗೆ ಪಡೆಯುವ ಖಾಸಗಿ ಭಾಗ ಒಂದು, ಟವೆಲ್ ಹಾಸಿ ಕೂರುವ ಉಚಿತ ಭಾಗ ಇನ್ನೊಂದು. ಈಜಿದ ಮೇಲೆ ಬಟ್ಟೆ ಹಾಕಿಕೊಂಡೇ ರಸ್ತೆಗೆ ಬನ್ನಿ. ತೀರ ಬಿಟ್ಟು ಊರೊಳಗೆ ಬರಿಮೈಯಲ್ಲಿ, ಬರಿಗಾಲಲ್ಲಿ ತಿರುಗುವುದು ಇಲ್ಲಿ ನಿಷಿದ್ಧ, ಪೊಲೀಸರು ತಡೆದು ನಿಲ್ಲಿಸುತ್ತಾರೆ.

ಕಾಲಿನಲ್ಲಿ ಇನ್ನೂ ಕಸುವಿದ್ದರೆ ವಾಪಸಾಗುವಾಗ ಫೋನ್ವಿಯೆಯಿಂದ ಪಕ್ಕದ ಕಾಪ್ ದಾಯ್‌ಗೆ ಕಡಲ ದಂಡೆಯ ಕಾಲುದಾರಿ ಹಿಡಿಯಿರಿ. ಒಂದು ಗಂಟೆಯ ನಡಿಗೆ, ಕೊನೆಯಲ್ಲಿ ರೈಲು ನಿಲ್ದಾಣ ಸಿಗುತ್ತದೆ. ಅಲೆ ಜೋರಿದ್ದ ದಿನ ದಾರಿ ಮುಚ್ಚಿರುತ್ತಾರೆ.

ಯಾವಾಗ ಬರಬೇಕು, ಎಲ್ಲಿ ತಂಗಬೇಕು?

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಅತ್ಯುತ್ತಮ. ಸಮುದ್ರ ಬೆಚ್ಚಗಿರುತ್ತದೆ, ಜನಸಂದಣಿ ಇಳಿದಿರುತ್ತದೆ. ನಮ್ಮ ಶಾಲೆಗಳ ಏಪ್ರಿಲ್–ಮೇ ರಜೆಗೆ ಬರುವವರು ಒಂದು ವಿಷಯ ತಿಳಿದಿರಬೇಕು. ಗ್ರ್ಯಾನ್ ಪ್ರಿ ಈಗ ನಡೆಯುವುದು ಜೂನ್ ಆರಂಭದಲ್ಲಿ. ವಾರಗಳ ಮೊದಲೇ ಬಂದರಿನ ಸುತ್ತ ಕಬ್ಬಿಣದ ತಡೆಬೇಲಿ, ಪ್ರೇಕ್ಷಕರ ಅಟ್ಟಣಿಗೆ ಏಳುತ್ತವೆ. ರೇಸು ಇಷ್ಟವಿದ್ದವರಿಗೆ ಅದೇ ಹಬ್ಬ, ಫೋಟೊಗೆಂದು ಬಂದವರಿಗೆ ನಿರಾಸೆ. ರೇಸಿನ ವಾರದಲ್ಲಂತೂ ನೀಸ್‌ನ ಹೋಟೆಲ್ ದರವೂ ಕೈಗೆಟುಕುವುದಿಲ್ಲ. ಸ್ಥಳೀಯರ ಹಬ್ಬ ನೋಡುವ ಆಸೆಯಿದ್ದರೆ ಜನವರಿ 26ರ ಸಂಜೆ ಬನ್ನಿ. ನಾಡಿನ ರಕ್ಷಕಿ ಸಂತ ದೆವೋತ್ ನೆನಪಿಗೆ ಚರ್ಚಿನ ಎದುರು ದೋಣಿಯೊಂದನ್ನು ಸುಡುತ್ತಾರೆ. ನವೆಂಬರ್ 19 ರಾಷ್ಟ್ರೀಯ ದಿನ.

ತಂಗುವುದು ನೀಸ್‌ನಲ್ಲಿ, ಇಲ್ಲವೇ ಇಟಲಿ ಗಡಿಯ ಮಾಂತೋನ್‌ನಲ್ಲಿ. ಮೊನಾಕೊಗೆ ಅಂಟಿಕೊಂಡೇ ಇರಬೇಕೆನ್ನುವವರು ಬೊಸೊಲೆಯ್‌ನಲ್ಲಿ ಹುಡುಕಿ. ಅದು ಮೇಲಿನ ಬೀದಿ, ಆದರೆ ಫ್ರಾನ್ಸ್. ಬಾಡಿಗೆ ಗಣನೀಯವಾಗಿ ಕಡಿಮೆ.

ಹಿರಿಯರನ್ನು ಕರೆತರುವವರಿಗೆ ಮೂರು ಸಲಹೆ. ಬಂಡೆಯ ಮೇಲಕ್ಕೆ ನಡೆಸಿಕೊಂಡು ಹೋಗಬೇಡಿ, ಬಸ್ಸು ಅಥವಾ ಲಿಫ್ಟ್ ಹಿಡಿಯಿರಿ. ಮೆತ್ತನೆಯ ಶೂ ಹಾಕಿಸಿ, ಇಲ್ಲಿನ ಇಳಿಜಾರು ಸೀರೆ-ಚಪ್ಪಲಿಗೆ ಹೇಳಿ ಮಾಡಿಸಿದ್ದಲ್ಲ. ಊಟದ ನಂತರ ಅರ್ಧ ಗಂಟೆ ಬಂದರಿನ ಬೆಂಚಿನ ಮೇಲೆ ಕೂರಲು ಬಿಡಿ.

ಖರ್ಚಿನ ಲೆಕ್ಕ

ಒಬ್ಬರಿಗೆ ಒಂದು ದಿನಕ್ಕೆ ಹೋಗಿ ಬರುವ ಟಿಕೆಟ್ ಎಂಟರಿಂದ ಹನ್ನೆರಡು ಯೂರೋ. ಸಂತೆಯ ಊಟ ಹತ್ತರಿಂದ ಹದಿನೈದು. ದೋಣಿ ಬಸ್ಸು, ನಗರ ಬಸ್ಸು ಸೇರಿ ನಾಲ್ಕೈದು. ಸಾಗರ ಸಂಗ್ರಹಾಲಯ ಸೇರಿಸಿದರೆ ಇನ್ನೊಂದು ಇಪ್ಪತ್ತು ಚಿಲ್ಲರೆ. ಅಲ್ಲಿಗೆ ಐವತ್ತೈದು ಯೂರೋ ಒಳಗೆ ದಿನ ಮುಗಿಯುತ್ತದೆ. ಸಂಗ್ರಹಾಲಯ ಬಿಟ್ಟರೆ ಮೂವತ್ತರ ಆಸುಪಾಸು. ದರಗಳೂ ಸಮಯಗಳೂ ಋತುವಿಗೆ ತಕ್ಕಂತೆ ಬದಲಾಗುತ್ತವೆ, ಹೊರಡುವ ಹಿಂದಿನ ದಿನ ಒಮ್ಮೆ ಖಚಿತಪಡಿಸಿಕೊಳ್ಳಿ. ರೈಲು ಮುಷ್ಕರ ಫ್ರಾನ್ಸಿನಲ್ಲಿ ಹೊಸತಲ್ಲ, ಅಂಥ ದಿನ ಬಸ್ಸೇ ಗತಿ.

ಯುರೋಪ್ ಪ್ರವಾಸದ ಪ್ಯಾಕೇಜುಗಳಲ್ಲಿ ಮೊನಾಕೊಗೆ ಸಿಗುವುದು ಸಾಮಾನ್ಯವಾಗಿ ರಾತ್ರಿ ಹೊತ್ತಿನ ಎರಡು ತಾಸು, ಕಸಿನೊ ಎದುರು ಒಂದು ಗುಂಪು ಫೋಟೊ. ಅದನ್ನು ನೋಡಿ ‘ಅಲ್ಲೇನಿದೆ, ಬರೀ ಕಾರು’ ಎನ್ನುವವರು ಬಹಳ. ಪ್ಯಾಕೇಜಿನಲ್ಲಿ ಬರುವುದಾದರೂ ನೀಸ್‌ನಲ್ಲಿ ಒಂದು ದಿನ ಬಿಡುವು ಕೇಳಿ ಪಡೆಯಿರಿ, ಬೆಳಗಿನ ರೈಲು ಹಿಡಿದು ನೀವೇ ಬನ್ನಿ.